ಗೋಕಾಕ್ ಚಳವಳಿ
ಶಾಲಾ ಶಿಕ್ಷಣದಲ್ಲಿ ಕನ್ನಡಕ್ಕೆ ಅಗ್ರಸ್ಥಾನ ಕೋರಿ 1980ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ನಡೆದ ಭಾಷಾ ಹೋರಾಟ. ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಆಯ್ದುಕೊಂಡ ವಿದ್ಯಾರ್ಥಿ ಕನ್ನಡವನ್ನೇ ಓದದೆ ಪ್ರೌಢಶಾಲೆ ಮುಗಿಸಬಹುದಿತ್ತು; ಸಂಸ್ಕೃತದಲ್ಲಿ ಅಂಕ ಸಲೀಸು ಎಂಬ ಎಣಿಕೆಯೂ ಈ ಆಯ್ಕೆಯ ಹಿಂದಿತ್ತು. ಇದರ ಪರಿಶೀಲನೆಗೆ ಆರ್. ಗುಂಡೂರಾವ್ ಸರ್ಕಾರ 1980ರಲ್ಲಿ ನೇಮಿಸಿದ ವಿ.ಕೃ. ಗೋಕಾಕ್ ಸಮಿತಿ, ಪ್ರೌಢಶಾಲೆಯಲ್ಲಿ ಕನ್ನಡವೇ 150 ಅಂಕಗಳ ಏಕೈಕ ಪ್ರಥಮ ಭಾಷೆಯಾಗಬೇಕೆಂದು 1981ರಲ್ಲಿ ಶಿಫಾರಸು ಮಾಡಿತು. ಜಾರಿ ತಡವಾದಾಗ ಸಾಹಿತಿಗಳು ಬೀದಿಗಿಳಿದರು. 1982ರಲ್ಲಿ ನಟ ರಾಜ್‌ಕುಮಾರ್ ಧುಮುಕಿದ ಮೇಲೆ ಹೋರಾಟ ಜನಸಾಗರವಾಯಿತು. ಭಾಷಾ ಅಲ್ಪಸಂಖ್ಯಾತರಿಗೆ ಕನ್ನಡವೇ ಪ್ರಥಮ ಭಾಷೆಯೆಂಬ ಈ ಬೇಡಿಕೆ ಹೇರಿಕೆಯಾಗಿ ಕಂಡಿತು. ಸಂಸ್ಕೃತಿ ಕಾಯುವ ಸರ್ಕಾರದ ಹೊಣೆ, ವ್ಯಕ್ತಿಯ ಆಯ್ಕೆಯ ಹಕ್ಕು, ಇವೆರಡರ ತಿಕ್ಕಾಟ ಬೋಧನಾ ಮಾಧ್ಯಮದ ವಿಷಯದಲ್ಲೂ ಮುಂದುವರಿಯಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ 6ರಂದು ತೀರ್ಪಿತ್ತಿತು.