ತುಪ್ಪದ ಹನಿ ನುಡಿದ ಸಾಕ್ಷ್ಯ

ಇಲಿ ಬಿದ್ದ ಮನೆಯನ್ನು ತೊರೆದು ಊರ ಹೊರಗಿನ ಗುಡಿಸಲು ಸೇರಿದ ಹಿರಿಯರ ವೃತ್ತಾಂತವನ್ನು ಕೇಳದ ಕನ್ನಡ ಮನೆತನ ವಿರಳ. 1898ರಲ್ಲಿ ಹುಬ್ಬಳ್ಳಿಯನ್ನು ಪೀಡಿಸಿ, ಅದೇ ವರ್ಷದ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕ ಪ್ಲೇಗಿನ ನೆನಪು ಪ್ಲೇಗು ಮಾರಿಯಮ್ಮನ ಗುಡಿಗಳಲ್ಲಿ ಇಂದಿಗೂ ಉಳಿದಿದೆ. ಆದರೆ ‘ಇದು ಪ್ಲೇಗೇ ಹೌದು’ ಎಂದು ಅಂದಿನವರು ನಿರ್ಣಯಿಸುತ್ತಿದ್ದುದು ಹೇಗೆಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ಪ್ರಶ್ನೆ ಸಾಮಾನ್ಯವಾದುದಲ್ಲ. ಸಾಧಾರಣ ಜ್ವರವನ್ನು ಪ್ಲೇಗೆಂದರೆ ಒಂದು ಸಂಸಾರವೇ ಬೀದಿಪಾಲು. ಪ್ಲೇಗನ್ನು ಸಾಧಾರಣ ಜ್ವರವೆಂದರೆ ಒಂದು ಕೇರಿಯೇ ಮೃತ್ಯುವಶ.

ಪ್ಲೇಗಿನ ಏಕಾಣುಜೀವಿಯನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಎಂಬಾತನು ಕಂಡುಹಿಡಿದನು. ಆದರೆ ಸೂಕ್ಷ್ಮದರ್ಶಕದಲ್ಲಿ ಕಾಣುವುದು ಒಂದು ಗಿಡ್ಡ ಕಡ್ಡಿ, ಬಣ್ಣ ಹಾಕಿದಾಗ ಅದರ ಎರಡು ತುದಿಗಳಲ್ಲಿ ಗಾಢತೆ, ಇಷ್ಟೇ. ಅಂಥ ರೂಪದ ಜೀವಿಗಳು ಇನ್ನೂ ಹಲವಿವೆ. ಆದುದರಿಂದ ಅದನ್ನು ರೂಪದಿಂದಲ್ಲ, ನಡವಳಿಕೆಯಿಂದ ಗುರುತಿಸಬೇಕಾಯಿತು.

1896ರ ಅಕ್ಟೋಬರಿನಲ್ಲಿ ಮುಂಬಯಿಗೆ ಬಂದ ಹಾಫ್‌ಕಿನ್ ಈ ಕಾರ್ಯಕ್ಕೆ ಬಳಸಿದ್ದು ನಮ್ಮ ಅಡುಗೆಮನೆಯ ಪದಾರ್ಥವನ್ನು. ಮಾಂಸದ ಸಾರಿನ ಮೇಲೆ ತುಪ್ಪದ ಅಥವಾ ಕೊಬ್ಬರಿ ಎಣ್ಣೆಯ ಹನಿಗಳನ್ನು ತೇಲಬಿಟ್ಟು, ಪಾತ್ರೆಯನ್ನು ಅಲುಗಿಸದೆ ಇಟ್ಟರೆ, ಪ್ಲೇಗಿನ ಜೀವಿಗಳು ಆ ಹನಿಗಳ ಅಡಿಯಿಂದ ಗುಹೆಯ ಸುಣ್ಣದ ತೊಂಗಲುಗಳಂತೆ ಕೆಳಕ್ಕೆ ಇಳಿಬೀಳುತ್ತ ಬೆಳೆಯುತ್ತವೆ. ಪಾತ್ರೆಯನ್ನು ಅಲುಗಿಸಿದೊಡನೆ ತೊಂಗಲು ಕಳಚಿ ತಳ ಸೇರುತ್ತದೆ. ಹನಿಯಡಿಯಲ್ಲಿ ಮತ್ತೆ ಹೊಸತು ಮೂಡುತ್ತದೆ. ಈ ಬೆಳವಣಿಗೆಯೇ ಲಸಿಕೆಗೆ ಮೂಲದ್ರವ್ಯವಾಯಿತು. ಇದೇ ಗುರುತೂ ಆಯಿತು. 1897ರ ಜನವರಿ 10ರಂದು ಹಾಫ್‌ಕಿನ್ ತನ್ನ ಲಸಿಕೆಯನ್ನು ಮೊದಲು ತನಗೇ ಚುಚ್ಚಿಕೊಂಡನು. ಮರುವರ್ಷ ಹುಬ್ಬಳ್ಳಿಯಲ್ಲಿ ಸಹಸ್ರಾರು ಜನ ಅದನ್ನು ಹಾಕಿಸಿಕೊಂಡರು.

ಗುರುತು ಸರಿಯಿದ್ದರಷ್ಟೇ ಸಾಲದು, ಶುದ್ಧಿಯೂ ಬೇಕು. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ಲಸಿಕೆ ಹಾಕಿಸಿಕೊಂಡ 107 ಮಂದಿಯಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ಆ 19 ಮಂದಿಗೂ ಒಂದೇ ಸೀಸೆಯಿಂದ ಲಸಿಕೆ ಹಾಕಲಾಗಿತ್ತು. ಅಪವಾದ ಹಾಫ್‌ಕಿನ್ನನ ತಲೆಗೆ ಬಂದಿತು. ಸೀಸೆಯನ್ನು ತೆರೆದ ಸ್ಥಳದಲ್ಲಿಯೇ ಕಲ್ಮಷ ಸೇರಿರುವ ಸಂಭವವೇ ಹೆಚ್ಚೆಂದು ತಜ್ಞರು ತೋರಿಸಿ, 1907ರಲ್ಲಿ ಆತನು ದೋಷಮುಕ್ತನಾಗುವವರೆಗೆ ಐದು ವರ್ಷಗಳು ಕಳೆದಿದ್ದವು.

ಅಷ್ಟರಲ್ಲಿ ಗುರುತಿಸುವ ಶಾಸ್ತ್ರವೂ ಬೆಳೆಯಿತು. ಬೇಡದ ಜೀವಿಗಳನ್ನು ತಡೆದು, ಬೇಕಾದವುಗಳನ್ನು ಮಾತ್ರ ಬೆಳೆಯಗೊಡುವ ಮಾಧ್ಯಮಗಳು ಬಂದವು. ಇವುಗಳಲ್ಲಿ 1905ರ ವೇಳೆಗೆ ರೂಪುಗೊಂಡ ಮೆಕಾಂಕಿಯ ಮಾಧ್ಯಮ ಪ್ರಸಿದ್ಧ. ಅದರಲ್ಲಿನ ಪಿತ್ತಲವಣ ಅನೇಕ ಜೀವಿಗಳನ್ನು ತಡೆಯುತ್ತದೆ. ಹಾಲಿನ ಸಕ್ಕರೆಯನ್ನು ಹುಳಿಯಾಗಿಸುವ ಜೀವಿಗಳ ಕಾಲನಿ ಕೆಂಪಾಗುತ್ತದೆ. ಪ್ಲೇಗಿನದು ಅದನ್ನು ಹುಳಿಯಾಗಿಸದೆ ಬಣ್ಣವಿಲ್ಲದ ಸಣ್ಣ ಚುಕ್ಕೆಯಾಗಿಯೇ ಉಳಿಯುತ್ತದೆ. ಆ ಬಳಿಕ ಒಂದೊಂದು ಪರೀಕ್ಷಾನಳಿಕೆಯಲ್ಲಿ ಒಂದೊಂದು ಪ್ರಶ್ನೆ: ಯೂರಿಯವನ್ನು ಒಡೆಯುವೆಯಾ? ಇಂಡೋಲ್ ಹುಟ್ಟಿಸುವೆಯಾ? ಚಲಿಸುವೆಯಾ? ಪ್ಲೇಗಿನ ಜೀವಿ ಮೂರಕ್ಕೂ ಇಲ್ಲವೆನ್ನುತ್ತದೆ. ಅದಕ್ಕೆ ಅತ್ಯಂತ ಸಮೀಪದ ದಾಯಾದಿಯಾದ ಸೂಡೋಟ್ಯೂಬರ್ಕ್ಯುಲೋಸಿಸ್ ಜೀವಿಯಾದರೋ ಯೂರಿಯವನ್ನು ಒಡೆಯುತ್ತದೆ, ತಂಪಿನಲ್ಲಿ ಚಲಿಸುತ್ತದೆ. ರಕ್ತಸಂಬಂಧಿಗಳನ್ನು ಬೇರ್ಪಡಿಸುವುದು ಇಂಥ ಅಲ್ಪ ಭೇದಗಳೇ.

1951ರಲ್ಲಿ ಡೆವಿಗ್ನಾ ಎಂಬ ವಿದ್ವಾಂಸನು ಗ್ಲಿಸರಾಲ್ ಮತ್ತು ನೈಟ್ರೇಟ್ ಪರೀಕ್ಷೆಗಳೆರಡರಿಂದ ಪ್ಲೇಗಿನ ಜೀವಿಗಳನ್ನು ಮೂರು ಪಂಗಡಗಳಾಗಿ ವಿಂಗಡಿಸಿ, ಇತಿಹಾಸದ ಮೂರು ಮಹಾಮಾರಿಗಳಿಗೆ ಒಂದೊಂದನ್ನು ಹೊಂದಿಸಿದನು. ಹಳೆಯ ಅಸ್ಥಿಗಳಿಂದ ದೊರೆತ ಡಿ.ಎನ್.ಎ. ಸಾಕ್ಷ್ಯ ಈ ಹೊಂದಾಣಿಕೆಯನ್ನು ಸಮರ್ಥಿಸಿಲ್ಲ. ಆದರೂ ನಳಿಕೆಯ ಬಣ್ಣದಲ್ಲಿ ಶತಮಾನಗಳ ಚರಿತ್ರೆಯನ್ನು ಓದಲೆಳಸಿದ ಆ ಸಾಹಸ ಸ್ಮರಣೀಯ.

1994ರ ಸೆಪ್ಟೆಂಬರಿನಲ್ಲಿ ಹಳೆಯ ಪ್ರಶ್ನೆ ಮತ್ತೆ ಎದ್ದಿತು. ಸೂರತ್ತಿನಿಂದ ಲಕ್ಷಾಂತರ ಜನ ಪಲಾಯನ ಮಾಡಿದರು. ಭೀತಿ ದೆಹಲಿಯನ್ನೂ ಮುಟ್ಟಿತು. ಜೀವಿಯನ್ನು ಪ್ರತ್ಯೇಕಿಸಿ ನಿಸ್ಸಂದೇಹವಾಗಿ ಗುರುತಿಸುವುದು ತಡವಾದುದರಿಂದ, ಇದು ಪ್ಲೇಗೋ ಅಲ್ಲವೋ ಎಂಬ ವಾದ ಬಹುಕಾಲ ನಡೆಯಿತು. 2002ರಲ್ಲಿ ಶಿಮ್ಲಾ ಜಿಲ್ಲೆಯಲ್ಲಿ 16 ಜನಕ್ಕೆ ರೋಗ ತಗುಲಿ 4 ಜನ ಸತ್ತಾಗ, ದೆಹಲಿಯ ರಾಷ್ಟ್ರೀಯ ಸಂಸ್ಥೆ ಅದನ್ನು ಪ್ಲೇಗೆಂದು ಸ್ಥಿರಪಡಿಸಿತು. 2009ರಲ್ಲಿ ರಾಷ್ಟ್ರೀಯ ರೋಗನಿಯಂತ್ರಣ ಕೇಂದ್ರವೆಂಬ ಹೆಸರು ತಳೆದ ಆ ಸಂಸ್ಥೆ ಇರುವುದು ಶಾಮನಾಥ ಮಾರ್ಗದಲ್ಲಿ. ರೋಹಿಣಿಯಲ್ಲಿ ನೆಲಸಿರುವ ನಮಗೆ ಅದು ಬಹು ದೂರದ ಹಾದಿಯಲ್ಲ. ಅದರ ಪ್ಲೇಗು ಸಮೀಕ್ಷಾ ಘಟಕವೊಂದು ಬೆಂಗಳೂರಿನಲ್ಲಿಯೇ ಸ್ಥಾಪಿತವಾಯಿತೆಂಬುದೂ ನಮಗೆ ಅರ್ಥವತ್ತಾದ ಸಂಗತಿ.

ನಮ್ಮ ಹಿರಿಯರು ಊರು ಬಿಡಲು ಇಲಿ ಬಿದ್ದುದನ್ನು ಪ್ರಮಾಣವಾಗಿ ಹಿಡಿದರು. ಹಾಫ್‌ಕಿನ್ ತುಪ್ಪದ ಹನಿಯನ್ನು ಹಿಡಿದನು. ಪ್ರಮಾಣಗಳು ಬದಲಾಗಿವೆ. ಶತ್ರುವಿಗೆ ಸರಿಯಾದ ಹೆಸರಿಡದೆ ಅವನನ್ನು ಎದುರಿಸಲಾಗದೆಂಬ ನಿಯಮ ಮಾತ್ರ ಬದಲಾಗಿಲ್ಲ.