ಗಡಿ ಶಿಬಿರದವನ ಅರ್ಜಿ

1948ರ ಸೆಪ್ಟೆಂಬರ್ 17ರಂದು ಹೈದರಾಬಾದಿನ ಡೆಕ್ಕನ್ ರೇಡಿಯೋದಲ್ಲಿ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನರ ಧ್ವನಿ ಕೇಳಿಬಂದಿತು. ಭಾರತದ ಸೈನ್ಯ ಗಡಿ ದಾಟಿದ್ದು ಅದೇ ತಿಂಗಳ 13ರಂದು. ಐದನೆಯ ದಿನಕ್ಕೆ ಸಂಸ್ಥಾನ ಶರಣಾಗಿತ್ತು. ರೇಡಿಯೋ ಇದ್ದ ಮನೆಗಳವರು ಆ ಸುದ್ದಿಯನ್ನು ಆಗಲೇ ಕೇಳಿದರು. ಪಠ್ಯಪುಸ್ತಕಗಳಿಗೂ ಅದೇ ಇಳಿದು ಬಂದಿದೆ. ಆದರೆ ಓದುಗರೇ, ಆ ಐದು ದಿನಗಳ ಹಿಂದೆ ಒಂದು ವರ್ಷದ ಇನ್ನೊಂದು ಕಾಳಗವಿತ್ತು. ಅದನ್ನು ನಡೆಸಿದವರಿಗೆ ಸಮವಸ್ತ್ರವಿರಲಿಲ್ಲ, ಸಂಬಳವಿರಲಿಲ್ಲ, ಹಾಜರಿ ಪುಸ್ತಕವೂ ಇರಲಿಲ್ಲ. ಈ ಹಾಜರಿ ಪುಸ್ತಕದ ಮಾತನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿರಿ.

ರಾಯಚೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಜವಳಗೇರಾ ಸಿಗುತ್ತದೆ. ಇಂದು ಬಸ್ಸಿನ ಕಿಟಕಿಯಿಂದ ನೋಡಿದರೆ ಕಾಲುವೆಯ ನೀರು, ಭತ್ತದ ಗದ್ದೆ, ಕೇಂದ್ರ ಸರ್ಕಾರದ ದೊಡ್ಡ ಬೀಜೋತ್ಪಾದನಾ ಕ್ಷೇತ್ರ. ಆಗ ತುಂಗಭದ್ರೆಗೆ ಅಣೆಕಟ್ಟು ಮುಗಿದಿರಲಿಲ್ಲ. ಇದು ಮಳೆಯನ್ನು ನಂಬಿದ ಎರೆಭೂಮಿ, ಜೋಳದ ಸೀಮೆ. ರಾಯಚೂರು, ಗುಲ್ಬರ್ಗಾ, ಬೀದರ್ ಈ ಮೂರು ಕನ್ನಡ ಜಿಲ್ಲೆಗಳು ನಿಜಾಮರ ಆಳ್ವಿಕೆಯಲ್ಲಿದ್ದವು. ದಕ್ಷಿಣಕ್ಕೆ ಹೊಳೆ ದಾಟಿದರೆ ಸಿರುಗುಪ್ಪದ ಕಡೆ ಮದರಾಸು ಪ್ರಾಂತ. ಪಶ್ಚಿಮಕ್ಕೆ ನಡೆದರೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಜಿಲ್ಲೆ. 1947ರ ಆಗಸ್ಟ್ 15ರಂದು ಹೊಳೆಯ ಆಚೆ ಧ್ವಜ ಏರಿತು. ಈಚೆ ಅದೇ ಧ್ವಜ ಹಿಡಿದವನಿಗೆ ಸೆರೆಮನೆ. ಒಂದೇ ಹೊಳೆಯ ನೀರು ಕುಡಿಯುವ ಬೀಗರ ನಡುವೆ ಹೀಗೊಂದು ಗೆರೆ ಬಿದ್ದಿತು.

ಸ್ವಾಮಿ ರಾಮಾನಂದ ತೀರ್ಥರ ನೇತೃತ್ವದಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸು ಒಕ್ಕೂಟ ಸೇರುವ ಚಳವಳಿಯನ್ನು ಹೂಡಿತ್ತು. ಮೊದಮೊದಲು ಅದು ಸತ್ಯಾಗ್ರಹ: ಧ್ವಜವಂದನೆ, ಲೆವಿ ಧಾನ್ಯ ಕೊಡಲು ನಿರಾಕರಣೆ, ಸರ್ಕಾರಕ್ಕೆ ಸೇಂದಿಯ ವರಮಾನ ತರುತ್ತಿದ್ದ ಈಚಲು ಮರಗಳನ್ನು ಕಡಿಯುವುದು. ಕಾಸಿಂ ರಜ್ವಿಯ ರಜಾಕಾರರು ಹಳ್ಳಿಗಳ ಮೇಲೆ ಬೀಳತೊಡಗಿದ ಮೇಲೆ ಚಳವಳಿಯ ರೂಪವೇ ಬದಲಾಯಿತು. ಗಡಿಯಾಚೆ ಶಿಬಿರಗಳು ಎದ್ದವು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು ಮುಂದಾಳುಗಳಾದರು. ರಾತ್ರಿ ಗಡಿ ದಾಟಿ ಕರೋಡಗಿರಿ ನಾಕೆಗಳ ಮೇಲೆ, ಪೊಲೀಸ್ ಠಾಣೆಗಳ ಮೇಲೆ ಬೀಳುವುದು, ಬೆಳಗಾಗುವುದರೊಳಗೆ ಹಿಂದಿರುಗುವುದು. ಹಳ್ಳಿ ಬಿಟ್ಟು ಬಂದ ಸಂಸಾರಗಳಿಗೆ ನೆರಳು ಕೊಡುವ ಕೆಲಸವೂ ಇತ್ತು. ಶಿವಮೂರ್ತಿ ಸ್ವಾಮಿಗಳು ಮುಂದೆ ಲೋಕಸಭೆಯ ಸದಸ್ಯರಾದರು. ಅವರ ಹಿಂದೆ ನಡೆದ ಹುಡುಗರು ನೇಗಿಲ ಕಡೆಗೆ ನಡೆದರು.

ಆ ಕಾಲದ ಹಿಂಸೆ ಒಂದೇ ಕಡೆಯದಲ್ಲ ಎಂಬುದನ್ನೂ ಹೇಳಬೇಕು. ಸೈನ್ಯ ಬಂದ ಮೇಲೆ ಹಲವೆಡೆ ಮುಸಲ್ಮಾನ ಸಂಸಾರಗಳು ಅನುಭವಿಸಿದ್ದನ್ನು ಪಂಡಿತ ಸುಂದರಲಾಲರ ತಂಡ ವರದಿ ಮಾಡಿತು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಕೆಲವರ ಪಾಲಿಗೆ ಕಾಗದವೇ ಇಲ್ಲ; ಇನ್ನು ಕೆಲವರ ಪಾಲಿಗೆ ಕಾಗದ ಇದ್ದೂ ಇಲ್ಲ.

1972ರ ಆಗಸ್ಟ್ 15, ಸ್ವಾತಂತ್ರ್ಯದ ಬೆಳ್ಳಿಹಬ್ಬ. ಅಂದಿನಿಂದ ಕೇಂದ್ರ ಸರ್ಕಾರ ಸ್ವಾತಂತ್ರ್ಯ ಯೋಧರಿಗೆ ಮಾಸಾಶನವನ್ನು ಜಾರಿಗೆ ತಂದಿತು. ಮೊದಲಿಗೆ ತಿಂಗಳಿಗೆ 200 ರೂಪಾಯಿ. ವಾರ್ಷಿಕ ಆದಾಯ 5000 ರೂಪಾಯಿಗೆ ಮೀರಿರಬಾರದೆಂಬ ಕಟ್ಟು. 1980ರಲ್ಲಿ ಆ ಕಟ್ಟನ್ನು ತೆಗೆದು, ಹೆಸರಿನಲ್ಲಿಯೇ ‘ಸಮ್ಮಾನ’ ಎಂಬ ಮಾತನ್ನು ಸೇರಿಸಿದರು. ಬಡವನಿಗೆ ನೆರವು ಎಂಬುದು ಹೋಗಿ ಯೋಧನಿಗೆ ಗೌರವ ಎಂದಾಯಿತು. ಗೌರವಕ್ಕೆ ಅರ್ಹನಾಗಲು ಆರು ತಿಂಗಳ ಸೆರೆವಾಸವಾಗಿರಬೇಕು. ಅಥವಾ ಅಷ್ಟೇ ಕಾಲ ಭೂಗತನಾಗಿದ್ದು, ಹಿಡಿಯಲು ಆಜ್ಞೆಯೋ ತಲೆಗೆ ಬಹುಮಾನವೋ ಹೊರಟಿರಬೇಕು. ಹೈದರಾಬಾದಿನ ಗಡಿ ಶಿಬಿರಗಳಿಗೂ ಮುಂದೆ ಮನ್ನಣೆ ದೊರೆಯಿತು. ಮೊದಲು 98 ಶಿಬಿರಗಳ ಪಟ್ಟಿ. ಆಮೇಲೆ ಇನ್ನೂ 18 ಸೇರಿದವು.

ಇಲ್ಲಿಯೇ ತೊಡಕು. ಸೆರೆಯಾದವನ ಹೆಸರನ್ನು ಬರೆದಿಟ್ಟವರು ಯಾರು? ನಿಜಾಮರ ಜೇಲಿನ ಕಾರಕೂನರು. ಅವರ ಉರ್ದು ರಿಜಿಸ್ಟರೇ ಮುಂದೆ ಯೋಧನ ಪ್ರಮಾಣಪತ್ರವಾಯಿತು. ಸಿಕ್ಕಿಬೀಳದವನ ಹೆಸರನ್ನು ಯಾರು ಬರೆಯಬೇಕು? ಶಿಬಿರದಲ್ಲಿ ಹೆಸರು ಬರೆದಿಡುವುದೆಂದರೆ ಊರಲ್ಲಿ ಉಳಿದ ತಂದೆತಾಯಿಗಳ ಮನೆಗೆ ಬೆಂಕಿ ಕರೆದಂತೆ. 1956ರಲ್ಲಿ ರಾಜ್ಯಗಳು ಹೊಸದಾಗಿ ವಿಂಗಡವಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಹಳೆಯ ರಾಜಧಾನಿ ಆಂಧ್ರದಲ್ಲಿ ಉಳಿಯಿತು. ದಾಖಲೆ ಹುಡುಕುವವನಿಗೆ ಗಡಿ ಮತ್ತೆ ಎದುರಾಯಿತು.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, ನಾನಿನ್ನೂ ಹೊಸ ಮಾಸ್ತರನಾಗಿದ್ದಾಗ, ಜವಳಗೇರಾ ಕಡೆಯ ಹಿರಿಯರೊಬ್ಬರು ಅರ್ಜಿ ಬರೆಸಲು ಮನೆಗೆ ಬಂದರು. ಎಪ್ಪತ್ತು ದಾಟಿದ ವಯಸ್ಸು, ತಲೆಗೆ ರುಮಾಲು, ಬಗಲಲ್ಲಿ ಪ್ಲಾಸ್ಟಿಕ್ ಚೀಲ. ಪಂಡಿತ ಪರೀಕ್ಷೆ ಮುಗಿಸಿದವನಿಗೆ ಅರ್ಜಿಯ ಭಾಷೆ ಕಷ್ಟವೆ? ನಾನು ಸೊಗಸಾಗಿಯೇ ತೊಡಗಿದೆ. ಹೊಳೆ ದಾಟಿದ ರಾತ್ರಿ, ನಡೆದ ದಾರಿ, ಶಿಬಿರದ ರೊಟ್ಟಿ ಎಲ್ಲವನ್ನೂ ಹೇಳಿದರು. “ಅಲ್ಲಿ ನಿಮ್ಮ ಹೆಸರು ಏನೆಂದು ಹೇಳಿದ್ದಿರಿ?” ಎಂದೆ. ಬೇರೆ ಹೆಸರು ಹೇಳಿದ್ದರಂತೆ. ಸಂಗಡಿಗರ ಹೆಸರು ಕೇಳಿದೆ. ಅವರೂ ಹಾಗೆಯೇ, ಇಬ್ಬರ ನಿಜವಾದ ಹೆಸರು ಇವರಿಗೆ ಇಂದಿಗೂ ಗೊತ್ತಿಲ್ಲ, ಮೂರನೆಯವರು ತೀರಿಕೊಂಡಿದ್ದರು. ನನ್ನ ಲೇಖನಿ ನಿಂತಿತು. ಆಗ ಅವರು ಮೆಲ್ಲಗೆ, “ಸಿಕ್ಕೊಂಡಿದ್ರ ಚಲೋ ಆಗ್ತಿತ್ತೇನ್ರಿ, ಮಾಸ್ತರ?” ಎಂದರು.

ಕಚೇರಿಗಳ ಎಚ್ಚರವನ್ನು ನಾನು ಹಳಿಯಲಾರೆ. ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ ಹೈದರಾಬಾದ್ ಹೋರಾಟದ ಹೆಸರಿನಲ್ಲಿ ಸುಳ್ಳು ಯೋಧರು ಮಾಸಾಶನ ಪಡೆದರೆಂಬ ದೂರು ನ್ಯಾಯಾಲಯಕ್ಕೆ ಹೋಗಿ ದೊಡ್ಡ ವಿಚಾರಣೆಯೇ ನಡೆಯಿತು. ವಿನೋದವೆಂದರೆ, ಸುಳ್ಳು ಅರ್ಜಿಗೆ ಕಾಗದದ ಕೊರತೆ ಇರುವುದಿಲ್ಲ. ಸರ್ವೋಚ್ಚ ನ್ಯಾಯಾಲಯವೂ ಈ ಇಕ್ಕಟ್ಟನ್ನು ಕಂಡಿತು. ಹೈದರಾಬಾದಿನಲ್ಲಿ 1938–39ರಲ್ಲಿ ನಡೆದ ಆರ್ಯ ಸಮಾಜದ ಸತ್ಯಾಗ್ರಹಿಗಳ ಮೊಕದ್ದಮೆಯಲ್ಲಿ, ತಡವಾಗಿ ಬಂತೆಂದು ಅರ್ಜಿಯನ್ನು ತಳ್ಳಬಾರದೆಂದು 1993ರಲ್ಲಿ ಹೇಳಿತು. 2001ರ ಇನ್ನೊಂದು ತೀರ್ಪಿನಲ್ಲಿ, ಕೊಲೆಯ ಮೊಕದ್ದಮೆಯಷ್ಟು ಬಿಗಿಯಾದ ಪುರಾವೆ ಇಲ್ಲಿ ಬೇಡ, ನಡೆದಿರುವ ಸಂಭವವಿದ್ದರೆ ಸಾಕು ಎಂದಿತು.

ಸಿಂಧನೂರು ದಾಟಿ ಲಿಂಗಸುಗೂರಿನ ಹಾದಿ ಹಿಡಿದರೆ ಮಸ್ಕಿ. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರು ಅಲ್ಲಿಯ ಬಂಡೆಯ ಮೇಲೆ ಶಾಸನವನ್ನು ಕಂಡರು. ‘ದೇವಾನಾಂಪ್ರಿಯ’ನೆಂಬ ಅರಸು ಅಶೋಕನೇ ಎಂಬುದು ಅದುವರೆಗೆ ವಿದ್ವಾಂಸರ ತರ್ಕ, ಅಶೋಕನೆಂಬ ಹೆಸರನ್ನೇ ಆ ಬಂಡೆ ಕೊಟ್ಟಿತು. ನಾಡನ್ನೆಲ್ಲ ಆಳಿದವನಿಗೂ ಇನ್ನೊಂದು ಹೆಸರಿನ ಪುರಾವೆ ಒದಗಲು ಎರಡು ಸಾವಿರ ವರ್ಷ ಹಿಡಿಯಿತು. ಇದನ್ನು ನಾನು ಆ ಹಿರಿಯರಿಗೆ ಹೇಳಿದ್ದುಂಟು. ಅವರು ನಕ್ಕು, “ಅವನಿಗೆ ಬಂಡಿ ಇತ್ತ್ರಿ” ಎಂದರು. ನಮ್ಮ ಕಡೆಯ ಮಾತಿನಲ್ಲಿ ಬಂಡೆಯೂ ‘ಬಂಡಿ’ಯೇ.

ಅರ್ಜಿ ಹೋಯಿತು. ಎಂಟು ತಿಂಗಳ ಮೇಲೆ ಉತ್ತರ ಬಂದಿತು: ಶಿಬಿರದ ಹೊಣೆ ಹೊತ್ತಿದ್ದವರ ಸಹಿಯುಳ್ಳ ಪತ್ರವನ್ನು ಲಗತ್ತಿಸತಕ್ಕದ್ದು. ಆ ಹೊತ್ತಿಗೆ ಸಹಿ ಹಾಕಬೇಕಾದವರೂ ಇರಲಿಲ್ಲ. ಹಿರಿಯರು ಉತ್ತರವನ್ನು ನನ್ನಿಂದ ಎರಡು ಸಲ ಓದಿಸಿ, ಮಡಿಚಿ ಚೀಲದಲ್ಲಿಟ್ಟುಕೊಂಡರು. “ನನ್ನ ಹೆಸರು ಸರಿಯಾಗಿ ಬರದಾರಲ್ರೀ?” ಎಂದು ಕೇಳಿದರು. ಸರಿಯಾಗಿಯೇ ಬರೆದಿದ್ದರು. ಆ ಕಾಗದ ಅವರ ಮನೆಯ ಟ್ರಂಕಿನಲ್ಲಿದೆಯೆಂದು ಮೊಮ್ಮಗ ಈಚೆಗೆ ತಿಳಿಸಿದ.