ಸಣ್ಣ ಊರಿನ ದೊಡ್ಡ ಗುಟ್ಟು: ನಗೆ, ಒಲವು ಬೆರೆತ ಪತ್ತೇದಾರಿ ಕಥನ

ರಾಯಚೂರಿನಿಂದ ಮಾನ್ವಿಗಾಗಲಿ ದೇವದುರ್ಗಕ್ಕಾಗಲಿ ಹೊರಟ ಬಸ್ಸು ಊರು ಮುಟ್ಟುವ ಮೊದಲೇ ಸುದ್ದಿ ಅಲ್ಲಿಗೆ ಮುಟ್ಟಿರುತ್ತದೆ ಎಂಬುದು ಈ ಭಾಗದ ಜನರಿಗೆ ಹೊಸ ಮಾತಲ್ಲ. ಯಾರ ಮನೆಗೆ ಬೀಗರು ಬಂದರು, ಯಾರ ಹೊಲ ಯಾರ ಹೆಸರಿಗೆ ಹೋಯಿತು ಎಂಬ ವಿವರಗಳೆಲ್ಲ ಚಹಾದಂಗಡಿಯಲ್ಲಿ ಚರ್ಚೆಗೆ ಬಂದಿರುತ್ತವೆ. ಇಂಥ ಊರಿನಲ್ಲಿ ಒಂದು ಸಾವು ಗುಟ್ಟಾಗಿ ಉಳಿಯುವುದಾದರೂ ಹೇಗೆ? ಸಣ್ಣ ಊರಿನ ಪತ್ತೇದಾರಿ ಕಥನ ನಿಂತಿರುವುದು ಈ ಪ್ರಶ್ನೆಯ ಮೇಲೆ. ನಗರದ ಪತ್ತೇದಾರ ಅಪರಿಚಿತನ ಬೆನ್ನು ಹತ್ತುತ್ತಾನೆ. ಊರಿನ ಪತ್ತೇದಾರನಿಗೆ ಎಲ್ಲರೂ ಪರಿಚಿತರೇ. ಗೊತ್ತಿರುವವರ ಬಾಯಿ ಬಿಡಿಸುವುದೇ ಅವನ ಕಷ್ಟ. ಅಲ್ಲಿ ನಗೆಯೂ ಹುಟ್ಟುತ್ತದೆ, ನೋವೂ ಹುಟ್ಟುತ್ತದೆ.

ಅಮೆರಿಕದ ದಕ್ಷಿಣ ಸೀಮೆ

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಈ ಬಗೆಯ ಬರಹ ಒಂದು ಪ್ರತ್ಯೇಕ ಪ್ರಕಾರವಾಗಿಯೇ ಬೆಳೆದಿದೆ. ಜೋನ್ ಹೆಸ್ 1987ರಲ್ಲಿ ಆರಂಭಿಸಿದ ‘ಮ್ಯಾಗಡಿ’ ಸರಣಿ ಇದಕ್ಕೆ ಒಳ್ಳೆಯ ನಿದರ್ಶನ. ಮ್ಯಾಗಡಿ ಎಂಬುದು ಅರ್ಕಾನ್ಸಾ ರಾಜ್ಯದ ಕಲ್ಪಿತ ಊರು, ಜನಸಂಖ್ಯೆ 755. ವಿಚ್ಛೇದನದ ಬಳಿಕ ನ್ಯೂಯಾರ್ಕ್ ತೊರೆದು ತವರಿಗೆ ಮರಳಿದ ಆರ್ಲಿ ಹ್ಯಾಂಕ್ಸ್ ಎಂಬಾಕೆಯೇ ಅಲ್ಲಿನ ಪೊಲೀಸ್ ಮುಖ್ಯಸ್ಥೆ. ಆಕೆಯ ತಾಯಿ ನಡೆಸುವ ಊಟದ ಅಂಗಡಿಯಲ್ಲಿ ಠಾಣೆಗಿಂತ ಹೆಚ್ಚು ಮಾಹಿತಿ ಸಿಗುತ್ತದೆ. ಆನ್ ಜಾರ್ಜ್ 1996ರಿಂದ ಬರೆದ ಕಾದಂಬರಿಗಳಲ್ಲಿ ಅಲಬಾಮಾದ ಇಬ್ಬರು ಹಿರಿಯ ವಯಸ್ಸಿನ ಅಕ್ಕತಂಗಿಯರೇ ಜಗಳವಾಡುತ್ತಾ ಕೊಲೆಯ ಜಾಡು ಹಿಡಿಯುತ್ತಾರೆ.

ಕನ್ನಡದ ಹಾದಿ

ಕನ್ನಡದಲ್ಲಿ ಪತ್ತೇದಾರಿ ಕಾದಂಬರಿಯನ್ನು ಮನೆಮಾತಾಗಿಸಿದವರಲ್ಲಿ ಎನ್. ನರಸಿಂಹಯ್ಯ ಪ್ರಮುಖರು. 1952ರ ‘ಪತ್ತೇದಾರ ಪುರುಷೋತ್ತಮನ ಸಾಹಸ’ದಿಂದ ತೊಡಗಿ 500ಕ್ಕೂ ಹೆಚ್ಚು ಕೃತಿಗಳನ್ನು ಅವರು ಬರೆದರು. ಅಲ್ಲಿ ಗೆಲುವು ಪತ್ತೇದಾರನ ಚಾಣಾಕ್ಷತೆಯದು.

ಊರನ್ನೇ ಮುಖ್ಯ ಪಾತ್ರವಾಗಿಸಿದವರು ಕೆ.ಪಿ. ಪೂರ್ಣಚಂದ್ರ ತೇಜಸ್ವಿ. 1985ರಲ್ಲಿ ಪ್ರಕಟವಾಗಿ, 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಚಿದಂಬರ ರಹಸ್ಯ’ದಲ್ಲಿ ಕೆಸರೂರು ಎಂಬ ಮಲೆನಾಡಿನ ಊರಿದೆ. ಏಲಕ್ಕಿಯ ಇಳುವರಿ ಕುಸಿದಿದೆ. ವಿಜ್ಞಾನಿ ಜೋಗಿಹಾಳರ ಸಾವು ಒಗಟಾಗಿದೆ. ತನಿಖೆಗೆ ಅಂಗಡಿ ಎಂಬ ಅಧಿಕಾರಿ ಬರುತ್ತಾನೆ. ಊರಿನ ಹರಟೆ, ಗುಮಾನಿ, ವದಂತಿಗಳ ನಡುವೆ ತನಿಖೆ ಸಿಕ್ಕಿಕೊಳ್ಳುವ ಪರಿ ಓದುಗನನ್ನು ನಗಿಸುತ್ತದೆ. ರಫಿ ಮತ್ತು ಜಯಂತಿಯರ ಒಲವು ಅದರೊಳಗೆ ಎಳೆಯಾಗಿ ಹರಿಯುತ್ತದೆ. ಆ ಒಲವಿನ ಸುತ್ತ ಬೆಳೆಯುವ ಮತೀಯ ದ್ವೇಷವನ್ನು ಕಾಣುವಾಗ ನಗು ತಾನಾಗಿ ನಿಲ್ಲುತ್ತದೆ. ಕೊನೆಗೆ ಊರನ್ನು ಆವರಿಸುವುದು ಬೆಂಕಿ. 1994ರ ‘ಜುಗಾರಿ ಕ್ರಾಸ್’ನಲ್ಲಿಯೂ ಸುರೇಶ, ಗೌರಿ ಎಂಬ ಯುವ ದಂಪತಿ ಏಲಕ್ಕಿ ವ್ಯಾಪಾರದ ಹಿಂದಿನ ಕತ್ತಲ ಲೋಕಕ್ಕೆ ಅರಿವಿಲ್ಲದೆ ಕಾಲಿಡುತ್ತಾರೆ.

ಮಾನ್ವಿ ಸೀಮೆಯ ಕಥೆ

ರಾಯಚೂರು ಜಿಲ್ಲೆಯೂ ಈ ಕಥನಕ್ಕೆ ತನ್ನದೇ ಕಾಣಿಕೆ ನೀಡಿದೆ. ಕಥೆಗಾರ ಅಮರೇಶ ನುಗಡೋಣಿ ಮಾನ್ವಿ ಸೀಮೆಯ ನುಗಡೋಣಿಯವರು. ಅವರ ‘ಸವಾರಿ’ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ ‘ಕನಸೆಂಬ ಕುದುರೆಯನೇರಿ’ ಚಿತ್ರವನ್ನು ನಿರ್ದೇಶಿಸಿದರು. ಪತ್ತೇದಾರಿ ಎಂಬ ಹಣೆಪಟ್ಟಿ ಈ ಚಿತ್ರಕ್ಕಿಲ್ಲ. ಆದರೂ ಮುಚ್ಚಿಟ್ಟ ಸಾವೊಂದು ಅದರ ತಿರುಳು.

ಹೆಣ ಹೂಳಲು ಗುಂಡಿ ತೋಡುವ ಈರ್ಯಾನ ಕನಸಿನಲ್ಲಿ ಸಿದ್ಧ ಕಾಣಿಸಿಕೊಂಡರೆ ಊರಿನಲ್ಲಿ ಸಾವು ಖಚಿತವೆಂಬುದು ಅವನ ಮತ್ತು ಹೆಂಡತಿ ರುದ್ರಿಯ ನಂಬಿಕೆ. ಒಮ್ಮೆ ಕನಸು ಬಿದ್ದು ಗೌಡರ ಮನೆಗೆ ಹೋದರೆ, ಅಲ್ಲಿ ಸಾವೇ ಆಗಿಲ್ಲವೆಂದು ಅವನನ್ನು ಹಿಂದಕ್ಕೆ ಕಳಿಸುತ್ತಾರೆ. ಕನಸೇ ಸುಳ್ಳಾಯಿತೆಂದು ಈರ್ಯಾ ಕುಸಿಯುತ್ತಾನೆ. ಅದೇ ಘಟನೆಯನ್ನು ಮತ್ತೊಂದು ಬದಿಯಿಂದ ಹೇಳುವಾಗಲಷ್ಟೇ ನಿಜ ಹೊರಬೀಳುತ್ತದೆ: ಗೌಡರು ತೀರಿಕೊಂಡಿದ್ದರು, ಮನೆಯವರ ಲೆಕ್ಕಾಚಾರಕ್ಕಾಗಿ ಸಾವನ್ನು ಮುಚ್ಚಿಡಲಾಗಿತ್ತು. ಬಡವನ ಏಕೈಕ ಆಸ್ತಿಯಾದ ನಂಬಿಕೆಯನ್ನು ಕಸಿದದ್ದೇ ಇಲ್ಲಿನ ಅಪರಾಧ.

ಹಾಸ್ಯ ಪಾತ್ರಗಳಿಂದ ಹೆಸರಾಗಿದ್ದ ವೈಜನಾಥ ಬಿರಾದಾರ ಈರ್ಯಾನಾಗಿ, ಉಮಾಶ್ರೀ ರುದ್ರಿಯಾಗಿ ನಟಿಸಿದರು. ಬಡತನದಲ್ಲಿಯೂ ಬತ್ತದ ಈ ದಾಂಪತ್ಯವೇ ಚಿತ್ರದ ಒಲವಿನ ಎಳೆ. 2009ನೇ ಸಾಲಿನ ಅತ್ಯುತ್ತಮ ಕನ್ನಡ ಚಿತ್ರ ರಾಷ್ಟ್ರಪ್ರಶಸ್ತಿ ಇದಕ್ಕೆ ಸಂದಿತು. ಚಿತ್ರಕಥೆಗಾಗಿ ಕಾಸರವಳ್ಳಿ ಮತ್ತು ಗೋಪಾಲಕೃಷ್ಣ ಪೈ ಅವರೂ ರಾಷ್ಟ್ರಪ್ರಶಸ್ತಿ ಪಡೆದರು.

ಬಂಡೆಯ ಮೇಲಿನ ಸುಳಿವು

ಜಿಲ್ಲೆಯ ಅತಿ ದೊಡ್ಡ ಪತ್ತೇದಾರಿ ಪ್ರಸಂಗ ಮಾತ್ರ ಕಲ್ಪನೆಯದಲ್ಲ. ಹಲವು ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಯಾರೆಂಬುದು ವಿದ್ವಾಂಸರನ್ನು ಬಹುಕಾಲ ಕಾಡಿತ್ತು. 1915ರಲ್ಲಿ ಮಸ್ಕಿಯಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಬಂಡೆಯ ಮೇಲೆ ಆ ಬಿರುದಿನ ಜೊತೆಗೆ ಅಶೋಕನ ಹೆಸರೂ ಇತ್ತು. ಚಿನ್ನ ಅರಸಿ ಬಂದವನಿಗೆ ಸಿಕ್ಕಿದ್ದು ಚಕ್ರವರ್ತಿ.

ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಆ ಬಂಡೆ ಊರವರ ಕಣ್ಣೆದುರಿಗೇ ಇತ್ತು. ಗೌಡರ ಸಾವೂ ಮೊದಲು ತಿಳಿದದ್ದು ಗುಂಡಿ ತೋಡುವವನಿಗೆ. ಅವನ ಮಾತನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಸಣ್ಣ ಊರಿನ ಗುಟ್ಟು ಸಾಮಾನ್ಯವಾಗಿ ಇರುವುದು ಇಂಥ ಕಡೆಯಲ್ಲೇ: ಎಲ್ಲರೂ ದಿನವೂ ನೋಡುವ, ಯಾರೂ ಕೇಳದ ಜಾಗದಲ್ಲಿ.